ಹಳ್ಳಿಗಾಡಿನ ಕೌಂಟಿಯಲ್ಲಿ ಕ್ರಿಮಿನಲ್ ರೆಕಾರ್ಡ್ ಹುಡುಕುವುದು ಹೇಗೆ: ಪಶ್ಚಿಮ ಟೆಕ್ಸಾಸ್‌ನ ಉದಾಹರಣೆ

ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್ ನೋಡಿಕೊಂಡು ಆಸ್ಟಿನ್‌ಗೆ ವಾಪಸ್ ಬರುವಾಗ ನನಗೊಂದು ಸ್ಪೀಡಿಂಗ್ ಟಿಕೆಟ್ ಬಿತ್ತು. ದಂಡ ಕಟ್ಟಿದೆ. ಕಾಗದ ಎಲ್ಲಿಟ್ಟೆ ಅನ್ನೋದು ಮರೆತೇಹೋಯಿತು. ಏಳು ವರ್ಷದ ನಂತರ ಸಿಟಿಜನ್‌ಶಿಪ್ ಅರ್ಜಿ ತುಂಬಲು ಕೂತೆ. "ನಿಮ್ಮನ್ನು ಯಾವತ್ತಾದರೂ ಬಂಧಿಸಿದ್ದಾರಾ, ಟಿಕೆಟ್ ಕೊಟ್ಟಿದ್ದಾರಾ" ಅಂತ ಒಂದು ಪ್ರಶ್ನೆ ಬಂತು. ಟೆಕ್ಸಾಸ್‌ನಲ್ಲಿ ಸ್ಪೀಡಿಂಗ್ ಕೂಡ ಕ್ಲಾಸ್ ಸಿ ಮಿಸ್‌ಡಿಮೀನರ್, ಅಂದರೆ ತೀರಾ ಸಣ್ಣ ದರ್ಜೆಯ ಅಪರಾಧ. ಲೆಕ್ಕಕ್ಕೆ ಅದೂ ಕ್ರಿಮಿನಲ್ ಕೇಸೇ.

ಆನ್‌ಲೈನಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. "ಯಾರ ಹಿನ್ನೆಲೆ ಬೇಕಾದರೂ ನಿಮಿಷದಲ್ಲಿ" ಅನ್ನುವ ಒಂದು ವೆಬ್‌ಸೈಟಿಗೆ 30 ಡಾಲರ್ ಸುರಿದೆ. ಅದರಲ್ಲಿ ನನ್ನ ಹಳೆಯ ಅಪಾರ್ಟ್‌ಮೆಂಟಿನ ವಿಳಾಸ, ಹೆಂಡತಿಯ ಹೆಸರು, ಯಾರೋ ಬೇರೆಯವರ ಫೋನ್ ನಂಬರ್ ಇತ್ತು. ಟಿಕೆಟ್ ಮಾತ್ರ ಇರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಒಂದು ಫೋನ್ ಕಾಲ್‌ನಲ್ಲಿ. ಆ ಕಡೆ ಇದ್ದ ಹೆಂಗಸು "ಒಂದು ನಿಮಿಷ ಇರಿ ಹನಿ" ಅಂತ ಹೇಳಿ, ಎದ್ದು ಹೋಗಿ, ಬೀರು ತೆಗೆದ ಸದ್ದು ನನಗೆ ಕೇಳಿಸಿತು.

ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಥರ. ಹಳ್ಳಿಗಾಡಿನ ಕೌಂಟಿ ಅಂದ್ರೆ ಹೀಗೆ. ಇಲ್ಲಿ ಎಲ್ಲವೂ ಸಿಗುವ ಒಂದೇ ಕಿಟಕಿ ಅಂತಿಲ್ಲ. ಕೇಸು ಯಾವ ಮೇಜಿನ ಮೇಲೆ ಮುಗಿಯಿತೋ ಆ ಮೇಜಿನಲ್ಲೇ ಕಾಗದ ಇರುತ್ತದೆ. ಆ ಮೇಜು ಯಾವುದು ಅಂತ ಕಂಡುಹಿಡಿಯುವುದೇ ಅರ್ಧ ಕೆಲಸ.

ಜಾಗದ ಪರಿಚಯ

ಅಮೆರಿಕದಲ್ಲಿ ರಾಜ್ಯ ರಾಜ್ಯಕ್ಕೂ ಪದ್ಧತಿ ಬೇರೆ. ವಿಸ್ಕಾನ್ಸಿನ್‌ನಲ್ಲಿ 72 ಕೌಂಟಿಗಳ ಕೋರ್ಟ್ ಕೇಸುಗಳನ್ನು ಮನೆಯಲ್ಲೇ ಕೂತು ಪುಕ್ಕಟೆ ನೋಡಬಹುದು. ನ್ಯೂಯಾರ್ಕ್‌ನಲ್ಲಿ ರಾಜ್ಯದ ಕೋರ್ಟ್ ಆಡಳಿತ ಒಂದು ಹೆಸರು ಹುಡುಕಿಕೊಡಲು 95 ಡಾಲರ್ ತೆಗೆದುಕೊಳ್ಳುತ್ತದೆ. ಲೂಸಿಯಾನಾದಲ್ಲಿ ಕೌಂಟಿ ಅನ್ನುವ ಪದವೇ ಇಲ್ಲ, ಅಲ್ಲಿ ಪ್ಯಾರಿಷ್. ಹಾಗಾಗಿ ಎಲ್ಲ ರಾಜ್ಯಕ್ಕೂ ಒಂದೇ ಮಾರ್ಗದರ್ಶಿ ಬರೆದರೆ ಯಾರಿಗೂ ಉಪಯೋಗ ಆಗಲ್ಲ. ನನಗೆ ಗೊತ್ತಿರುವುದು ಟೆಕ್ಸಾಸ್. ಅದರಲ್ಲೂ ಪಶ್ಚಿಮದ ತುದಿ.

ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಬಿಗ್ ಬೆಂಡ್ ಇರುವುದು ಬ್ರೂಸ್ಟರ್ ಕೌಂಟಿಯಲ್ಲಿ. ವಿಸ್ತೀರ್ಣ ಸುಮಾರು 16,000 ಚದರ ಕಿಲೋಮೀಟರ್. ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿಗಿಂತ ದೊಡ್ಡದು. ಜನ ಎಷ್ಟು? 2020ರ ಜನಗಣತಿಯಲ್ಲಿ 9,546. ನಮ್ಮಲ್ಲಿ ಒಂದು ಹೋಬಳಿಯಲ್ಲೇ ಇದಕ್ಕಿಂತ ಜಾಸ್ತಿ ಜನ ಇರ್ತಾರೆ. ಪಕ್ಕದ ಜೆಫ್ ಡೇವಿಸ್ ಕೌಂಟಿಯಲ್ಲಿ ಎರಡು ಸಾವಿರವೂ ಇಲ್ಲ. ಇನ್ನೂ ಉತ್ತರಕ್ಕೆ ಲವಿಂಗ್ ಕೌಂಟಿಯಲ್ಲಿ 2020ರಲ್ಲಿ ಲೆಕ್ಕಕ್ಕೆ ಸಿಕ್ಕವರು 64 ಜನ.

ಪ್ರತಿ ಕೌಂಟಿಗೂ ಒಂದು ಕೇಂದ್ರ ಊರು ಇರುತ್ತದೆ, ನಮ್ಮ ತಾಲ್ಲೂಕು ಕೇಂದ್ರದ ಹಾಗೆ. ಅದಕ್ಕೆ ಕೌಂಟಿ ಸೀಟ್ ಅಂತಾರೆ. ಬ್ರೂಸ್ಟರ್‌ಗೆ ಆಲ್ಪೈನ್, ಜೆಫ್ ಡೇವಿಸ್‌ಗೆ ಫೋರ್ಟ್ ಡೇವಿಸ್, ಪ್ರೆಸಿಡಿಯೊ ಕೌಂಟಿಗೆ ಮಾರ್ಫಾ. ಊರ ನಡುವೆ ಕೋರ್ಟ್‌ಹೌಸ್. ಕಾಗದಪತ್ರಗಳ ಹೆಚ್ಚಿನ ಪಾಲು ಅದರಲ್ಲೋ ಅದರ ಆಸುಪಾಸಿನಲ್ಲೋ ಇರುತ್ತದೆ.

ಹೆಜ್ಜೆ 1: ಯಾಕೆ ಬೇಕು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಇದು ಉಪದೇಶ ಅಂದುಕೊಳ್ಳಬೇಡಿ. ಕಾರಣ ಬದಲಾದರೆ ಹೋಗಬೇಕಾದ ಬಾಗಿಲೂ ಬದಲಾಗುತ್ತದೆ.

ನಿಮ್ಮದೇ ಹಳೆ ಕೇಸಿನ ಕಾಗದ ಗ್ರೀನ್ ಕಾರ್ಡಿಗೋ ಸಿಟಿಜನ್‌ಶಿಪ್‌ಗೋ ಬೇಕಿದ್ದರೆ ನೇರವಾಗಿ ಕೋರ್ಟಿನ ಕ್ಲರ್ಕ್ ಹತ್ತಿರ ಹೋಗಿ. ಕೆನಡಾ ವಲಸೆಗೆ "ಪೊಲೀಸ್ ಸರ್ಟಿಫಿಕೇಟ್" ಕೇಳಿದ್ದರೆ ಕೌಂಟಿಯಲ್ಲಿ ಅಲೆಯಬೇಡಿ. ಅದಕ್ಕೆ ಬೆರಳಚ್ಚು ಕೊಟ್ಟು ಎಫ್‌ಬಿಐನಿಂದ ನಿಮ್ಮ ಇತಿಹಾಸದ ವರದಿ ತರಿಸಬೇಕು. ಶುಲ್ಕ 18 ಡಾಲರ್. ಬೇರೆಯವರ ವರದಿಯನ್ನು ಎಫ್‌ಬಿಐ ನಿಮಗೆ ಕೊಡುವುದಿಲ್ಲ.

ಮನೆಗೆ ಆಯಾ ಬೇಕು, ಬಾಡಿಗೆಗೆ ಯಾರೋ ಬರ್ತಿದ್ದಾರೆ ಅನ್ನೋ ಸಂದರ್ಭ ಇನ್ನೊಂದು. ಜೆ-1 ವೇವರ್ (ತರಬೇತಿ ಮುಗಿಸಿ ತಾಯ್ನಾಡಿಗೆ ಮರಳಬೇಕೆಂಬ ವೀಸಾ ಷರತ್ತಿನಿಂದ ವಿನಾಯಿತಿ) ಮೇಲೆ ಮೂರು ವರ್ಷ ಹಳ್ಳಿ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಡಾಕ್ಟರುಗಳಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಡ್ಯೂಟಿ, ಮಗು ನೋಡಿಕೊಳ್ಳಲು ಜನ ಬೇಕು, ಊರಲ್ಲಿ ಪರಿಚಯದವರಿಲ್ಲ. ಕೆಲಸಕ್ಕೆ ಅಥವಾ ಬಾಡಿಗೆಗೆ ತೆಗೆದುಕೊಳ್ಳಲು ಯಾವುದಾದರೂ ಕಂಪನಿಯಿಂದ ವರದಿ ತರಿಸುವುದಾದರೆ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಎಂಬ ಕೇಂದ್ರ ಕಾನೂನು ಅನ್ವಯಿಸುತ್ತದೆ. ಕೆಲಸಕ್ಕಾದರೆ ಮೊದಲು ಅವರ ಲಿಖಿತ ಒಪ್ಪಿಗೆ ಬೇಕು. ವರದಿ ನೋಡಿ "ಬೇಡ" ಅನ್ನುವ ಮುಂಚೆ ಅವರಿಗೆ ಅದರ ಪ್ರತಿ ಕೊಡಬೇಕು. ನಾನು 30 ಡಾಲರ್ ಕಳೆದುಕೊಂಡ ಥರದ ವೆಬ್‌ಸೈಟುಗಳು ಸಣ್ಣ ಅಕ್ಷರದಲ್ಲಿ "ಕೆಲಸ, ಬಾಡಿಗೆ ನಿರ್ಧಾರಕ್ಕೆ ಬಳಸುವಂತಿಲ್ಲ" ಅಂತ ಬರೆದುಕೊಂಡಿರುತ್ತವೆ. ಸುಮ್ನೆ ಓದದೆ ಒತ್ತಿಬಿಡ್ತೀವಿ.

ಪಕ್ಕದ ಮನೆಯವನ ಬಗ್ಗೆ ಕುತೂಹಲ ಅಷ್ಟೇ ಆಗಿದ್ದರೆ, ಕಾನೂನು ತಡೆಯಲ್ಲ. ಆದರೆ ಸಣ್ಣ ಊರು. ಕ್ಲರ್ಕ್ ಕೌಂಟರಿನಲ್ಲಿ ನೀವು ಕೇಳಿದ ಹೆಸರು ಅವಳ ತಂಗಿಯ ಗಂಡನದ್ದೇ ಇರಬಹುದು.

ಹೆಜ್ಜೆ 2: ಹಿಡಿದವರು ಯಾರು, ಕೇಸು ಹೋದದ್ದು ಎಲ್ಲಿಗೆ

ಎಲ್ಲರೂ ಎಡವುವುದು ಇಲ್ಲೇ. ನಾವು "ಶೆರಿಫ್ ಹಿಡಿದ, ಶೆರಿಫ್ ಹತ್ತಿರ ರೆಕಾರ್ಡ್ ಇರುತ್ತೆ" ಅಂದುಕೊಳ್ತೀವಿ. ಶೆರಿಫ್ ಅಂದರೆ ಕೌಂಟಿ ಪೊಲೀಸರ ಮುಖ್ಯಸ್ಥ. ಅವನ ಹತ್ತಿರ ಇರುವುದು ಬಂಧನದ ಕಾಗದ. ಮುಂದೆ ಏನಾಯಿತು ಅನ್ನುವುದು ಕೋರ್ಟಿನಲ್ಲಿರುತ್ತದೆ. ಯಾವ ಕೋರ್ಟು ಅನ್ನುವುದು ಆರೋಪ ಎಷ್ಟು ದೊಡ್ಡದು ಅನ್ನುವುದರ ಮೇಲಿದೆ.

ಫೆಲನಿ, ಅಂದರೆ ದೊಡ್ಡ ಅಪರಾಧ, ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗುತ್ತದೆ. ಅದರ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ಕ್ಲಾಸ್ ಎ ಮತ್ತು ಕ್ಲಾಸ್ ಬಿ ಮಿಸ್‌ಡಿಮೀನರ್‌ಗಳು ಕೌಂಟಿ ಕೋರ್ಟಿಗೆ. ಕ್ಲಾಸ್ ಎಗೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಕ್ಲಾಸ್ ಬಿಗೆ 180 ದಿನ, 2,000 ಡಾಲರ್. ಮೊದಲ ಸಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಬರುವುದು ಈ ಕ್ಲಾಸ್ ಬಿಗೆ. ಇವುಗಳ ಕಡತ ಕೌಂಟಿ ಕ್ಲರ್ಕ್ ಹತ್ತಿರ. ಬರೀ ದಂಡದಲ್ಲಿ ಮುಗಿಯುವ ಕ್ಲಾಸ್ ಸಿ ಕೇಸುಗಳು ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿಗೆ ಹೋಗುತ್ತವೆ. ಜೆಪಿ ಅಂತಾರೆ. ಊರಿನ ಪೊಲೀಸರೇ ಟಿಕೆಟ್ ಬರೆದಿದ್ದರೆ ಮುನಿಸಿಪಲ್ ಕೋರ್ಟ್.

ಜೆಪಿ ಆಗಲು ವಕೀಲರಾಗಿರಬೇಕಿಲ್ಲ. ಕೌಂಟಿ ಜಡ್ಜ್ ಕೂಡ ವಕೀಲರಾಗಿರಬೇಕಿಲ್ಲ. ಕಾನೂನು ಚೆನ್ನಾಗಿ ತಿಳಿದವರಾಗಿದ್ದರೆ ಸಾಕು ಅಂತ ರಾಜ್ಯದ ಸಂವಿಧಾನ ಹೇಳುತ್ತದೆ. ಸಣ್ಣ ಕೌಂಟಿಯಲ್ಲಿ ಬಜೆಟ್, ರಸ್ತೆ, ವಿಚಾರಣೆ ಎಲ್ಲಕ್ಕೂ ಅದೇ ಕೌಂಟಿ ಜಡ್ಜ್. ನಮ್ಮ ಕಾಲದ ಊರ ಗೌಡರು ನೆನಪಾಗ್ತಾರೆ, ಅಲ್ವಾ?

ಡಿಸ್ಟ್ರಿಕ್ಟ್ ಕೋರ್ಟಿಗೆ ಇನ್ನೊಂದು ತೊಡಕಿದೆ. 394ನೇ ಡಿಸ್ಟ್ರಿಕ್ಟ್ ಕೋರ್ಟ್ ಒಂದೇ ಬ್ರೂಸ್ಟರ್, ಪ್ರೆಸಿಡಿಯೊ, ಜೆಫ್ ಡೇವಿಸ್, ಕಲ್ಬರ್ಸನ್, ಹಡ್‌ಸ್ಪೆತ್ ಐದು ಕೌಂಟಿಗಳಿಗೂ ಸೇರಿದ್ದು. ಜಡ್ಜ್ ಒಬ್ಬರೇ, ಊರೂರು ತಿರುಗುತ್ತಾರೆ. ಕಡತಗಳು ಮಾತ್ರ ತಿರುಗುವುದಿಲ್ಲ. ಮಾರ್ಫಾದಲ್ಲಿ ದಾಖಲಾದ ಕೇಸು ಮಾರ್ಫಾದಲ್ಲೇ ಇರುತ್ತದೆ, ಆಲ್ಪೈನ್‌ನಲ್ಲಿ ಕೇಳಿದರೆ "ಇಲ್ಲ" ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ.

ಜನಸಂಖ್ಯೆ ತೀರಾ ಕಡಿಮೆ ಇರುವ ಕೌಂಟಿಗಳಲ್ಲಿ ಡಿಸ್ಟ್ರಿಕ್ಟ್ ಕ್ಲರ್ಕ್, ಕೌಂಟಿ ಕ್ಲರ್ಕ್ ಎರಡೂ ಹುದ್ದೆ ಒಬ್ಬರದ್ದೇ. ಇದು ನಮಗೆ ಅನುಕೂಲ. ಒಂದೇ ಫೋನಿನಲ್ಲಿ ಫೆಲನಿಯೂ ಮುಗಿಯಿತು, ಮಿಸ್‌ಡಿಮೀನರೂ ಮುಗಿಯಿತು.

ಇನ್ನು ಹಿಡಿದವರು ಫೆಡರಲ್ ಸರ್ಕಾರದವರಾಗಿದ್ದರೆ? ಬಿಗ್ ಬೆಂಡ್ ಪಾರ್ಕಿನ ಒಳಗೆ ರೇಂಜರ್ ಕೊಟ್ಟ ಟಿಕೆಟ್ಟಿಗೂ ಕೌಂಟಿಗೂ ಸಂಬಂಧವೇ ಇಲ್ಲ. ಅದು ಸೆಂಟ್ರಲ್ ವಯೊಲೇಷನ್ಸ್ ಬ್ಯೂರೊ ಮೂಲಕ ಫೆಡರಲ್ ಕೋರ್ಟಿಗೆ ಹೋಗುತ್ತದೆ. ಪಾರ್ಕಿನ ಗೇಟು ದಾಟಿ ಹೊರಗೆ ಬಂದು ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ಜೆಪಿ ಕೋರ್ಟು. ನಾನು ಮೊದಲು ಒಂದು ವಾರ ಕಳೆದದ್ದು ಈ ಗೊಂದಲದಲ್ಲೇ. ಟಿಕೆಟ್ ಬಿದ್ದದ್ದು ಗೇಟಿನ ಒಳಗೋ ಹೊರಗೋ ಅಂತ ನೆನಪಿಸಿಕೊಳ್ಳಲು ಹಳೆ ಫೋಟೋಗಳ ಸಮಯ ನೋಡಬೇಕಾಯಿತು.

ಉಲ್ಟಾ ಕೂಡ ಆಗುತ್ತದೆ. ಐ-10 ಹೆದ್ದಾರಿಯಲ್ಲಿ ಸಿಯೆರಾ ಬ್ಲಾಂಕಾ ಹತ್ತಿರ ಬಾರ್ಡರ್ ಪಟ್ರೋಲ್ ತಪಾಸಣಾ ಠಾಣೆ ಇದೆ. ಗಾಯಕ ವಿಲ್ಲಿ ನೆಲ್ಸನ್ 2010ರಲ್ಲಿ ಗಾಂಜಾ ಸಮೇತ ಸಿಕ್ಕಿದ್ದು ಅಲ್ಲೇ. ಹಿಡಿದವರು ಫೆಡರಲ್ ಅಧಿಕಾರಿಗಳು, ಕೇಸು ಬಂದದ್ದು ಹಡ್‌ಸ್ಪೆತ್ ಕೌಂಟಿಗೆ. ಹಾಗಾಗಿ ಯೂನಿಫಾರ್ಮ್ ನೋಡಿ ಕೋರ್ಟನ್ನು ಊಹಿಸಬೇಡಿ. ಟಿಕೆಟ್ ಅಥವಾ ಬಾಂಡ್ (ಜಾಮೀನು) ಕಾಗದದ ಮೇಲೆ ಬರೆದಿರುವ ಕೋರ್ಟಿನ ಹೆಸರೇ ಕೊನೆ ಮಾತು.

ಹೆಜ್ಜೆ 3: ಹೆಸರು, ಹುಟ್ಟಿದ ದಿನ ಸಿದ್ಧ ಮಾಡಿಕೊಳ್ಳಿ

ಇದು ನಮ್ಮವರಿಗೆ ಬೇರೆಯವರಿಗಿಂತ ದೊಡ್ಡ ತಲೆನೋವು.

ಕೋರ್ಟಿನ ಸೂಚಿ ಇರುವುದು ಕೊನೆಯ ಹೆಸರಿನ ಮೇಲೆ. ನಮ್ಮಲ್ಲಿ ಕೊನೆಯ ಹೆಸರು ಅಂತ ಯಾವುದನ್ನು ಹೇಳೋದು? ಊರು, ಅಪ್ಪನ ಹೆಸರು, ಆಮೇಲೆ ನನ್ನ ಹೆಸರು ಅಂತ ಇನಿಷಿಯಲ್ ಇಟ್ಟುಕೊಂಡವರು ನಾವು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ ಹೋಗಿರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು, ವೀಸಾದಲ್ಲಿ ಮುಂದೆ ಎಫ್‌ಎನ್‌ಯು ಅಂತ ಬಿದ್ದಿರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆ ಮೂರು ಅಕ್ಷರವನ್ನೇ ಹೆಸರು ಅಂತ ತಿಳಿದು ಟಿಕೆಟ್ ಬರೆದಿರುವ ಡೆಪ್ಯುಟಿಗಳು, ಅಂದರೆ ಶೆರಿಫ್ ಕೈಕೆಳಗಿನ ಪೊಲೀಸರು, ಇದ್ದಾರೆ.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ಎಲ್ಲ ರೂಪಗಳನ್ನೂ ಬರೆದಿಟ್ಟುಕೊಳ್ಳಿ. ಮಂಜುನಾಥ ಕೊನೆಗೆ ಎ ಇದ್ದು, ಎ ಇಲ್ಲದೆ. ಲಕ್ಷ್ಮಿ ಕೆ-ಎಸ್-ಎಚ್ ಹಾಕಿ, ಎಕ್ಸ್ ಹಾಕಿ. ಶಿವಕುಮಾರ ಒಂದೇ ಪದವಾಗಿ, ಎರಡಾಗಿ ಒಡೆದು. ಹೆಸರು ಹಿಂದೆ ಮುಂದೆ ಮಾಡಿ. ಆ ದಿನ ಜೇಬಿನಲ್ಲಿದ್ದ ಡ್ರೈವಿಂಗ್ ಲೈಸೆನ್ಸಿನಲ್ಲಿ ಹೆಸರು ಹೇಗಿತ್ತೋ ಅದನ್ನು ಮೊದಲು ಇಡಿ. ಡೆಪ್ಯುಟಿ ನೋಡಿ ಬರೆದದ್ದು ಅದನ್ನೇ.

ಹುಟ್ಟಿದ ದಿನವನ್ನು ಅಮೆರಿಕದವರು ತಿಂಗಳು ಮುಂದೆ ಇಟ್ಟು ಬರೆಯುತ್ತಾರೆ. ಜೂನ್ 1 ಅಲ್ಲಿ 06/01. ನಾವು 01/06 ಅಂತ ಬರೆದುಕೊಟ್ಟರೆ ಅವರು ಹುಡುಕುವುದು ಜನವರಿ 6ರವರನ್ನು. ಮೇಷ್ಟ್ರು ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಜೂನ್ 1 ಅಂತ ಬರೆದುಬಿಟ್ಟ ತಲೆಮಾರಿನವರು ನಿಜವಾದ ಹುಟ್ಟುಹಬ್ಬ ಹೇಳಲು ಹೋಗಬೇಡಿ. ದಾಖಲೆಯಲ್ಲಿ ಏನಿದೆಯೋ ಅದೇ.

ಬೇರೆಯವರನ್ನು ಹುಡುಕುತ್ತಿದ್ದರೆ ಹುಟ್ಟಿದ ದಿನ ಇನ್ನೂ ಮುಖ್ಯ. ಗಾರ್ಸಿಯಾ, ಹರ್ನಾಂಡೆಸ್, ಸ್ಮಿತ್ ಅಂತ ಒಂದೇ ಕೌಂಟಿಯಲ್ಲಿ ಸಾಲುಗಟ್ಟಿ ಸಿಗುತ್ತಾರೆ. ಹೆಸರು ಹೊಂದಿತು ಅಂತ ಯಾರನ್ನೋ ಅಪರಾಧಿ ಅಂದುಕೊಳ್ಳುವುದು ಈ ಕೆಲಸದ ದೊಡ್ಡ ಅಪಾಯ.

ಹೆಜ್ಜೆ 4: ಮನೆಯಲ್ಲೇ ಕೂತು ಆಗುವಷ್ಟು ಮುಗಿಸಿ

ಟೆಕ್ಸಾಸ್‌ನ ಡಿಪಾರ್ಟ್‌ಮೆಂಟ್ ಆಫ್ ಪಬ್ಲಿಕ್ ಸೇಫ್ಟಿ, ಎಲ್ಲರ ಬಾಯಲ್ಲಿ ಡಿಪಿಎಸ್, ಇಡೀ ರಾಜ್ಯದ ಅಪರಾಧ ದಾಖಲೆಯನ್ನು ಒಂದೆಡೆ ಇಟ್ಟಿದೆ. ಅವರ ವೆಬ್‌ಸೈಟಿನಲ್ಲಿ ಖಾತೆ ತೆರೆದು ಕ್ರೆಡಿಟ್ ಕೊಳ್ಳಬೇಕು. ಒಂದು ಕ್ರೆಡಿಟ್‌ಗೆ 1 ಡಾಲರ್, ಮೇಲೆ ಕಾರ್ಡಿನ ಶುಲ್ಕ. ಒಂದು ಹುಡುಕಾಟಕ್ಕೆ ಒಂದು ಕ್ರೆಡಿಟ್, ಏನೂ ಸಿಗದಿದ್ದರೂ ಹೋಯಿತು. ಆ ಹಾಳೆಯಲ್ಲಿ ಬರೆದಿಟ್ಟ ಆರು ರೂಪಕ್ಕೆ ಆರು ಡಾಲರ್.

ಇದರಲ್ಲಿ ಸಾರ್ವಜನಿಕರಿಗೆ ಕಾಣುವುದು ಶಿಕ್ಷೆಯಾದ ಕೇಸುಗಳು ಮತ್ತು ಡಿಫರ್ಡ್ ಅಡ್ಜುಡಿಕೇಷನ್ ಕೇಸುಗಳು (ಇದೇನು ಅಂತ ಹೆಜ್ಜೆ 7ರಲ್ಲಿ ಇದೆ). ವಜಾ ಆದದ್ದು ಕಾಣುವುದಿಲ್ಲ. ಬರೀ ದಂಡದ ಕ್ಲಾಸ್ ಸಿ ಕೇಸುಗಳನ್ನು ಕೌಂಟಿಗಳು ಅಲ್ಲಿಗೆ ವರದಿ ಮಾಡಬೇಕಾಗಿಯೇ ಇಲ್ಲ. ನನ್ನ ಟಿಕೆಟ್ ಯಾಕೆ ಎಲ್ಲೂ ಕಾಣಲಿಲ್ಲ ಅಂತ ಆಗ ಅರ್ಥವಾಯಿತು. ದೊಡ್ಡ ಕೇಸುಗಳಲ್ಲೂ ಡಿಪಿಎಸ್ ಹತ್ತಿರ ಇರುವುದು ಕೌಂಟಿ ಕಳಿಸಿದಷ್ಟು ಮಾತ್ರ. ಮೂರು ಜನ ಕೆಲಸ ಮಾಡುವ ಆಫೀಸಿನಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಡಿಪಿಎಸ್‌ನಲ್ಲಿ ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಕೇಸೇ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ರಾಜ್ಯದ ಜೈಲಿನಲ್ಲಿ ಈಗ ಇರುವವರ ಪಟ್ಟಿಯನ್ನು ಟೆಕ್ಸಾಸ್ ಡಿಪಾರ್ಟ್‌ಮೆಂಟ್ ಆಫ್ ಕ್ರಿಮಿನಲ್ ಜಸ್ಟಿಸ್ ಪುಕ್ಕಟೆ ತೋರಿಸುತ್ತದೆ. ಬಿಡುಗಡೆಯಾದವರು ಅದರಲ್ಲಿ ಇರುವುದಿಲ್ಲ. ಫೆಡರಲ್ ಜೈಲಿನ ಹುಡುಕಾಟ 1982ರವರೆಗೆ ಹಿಂದಕ್ಕೆ ಹೋಗುತ್ತದೆ. ಲೈಂಗಿಕ ಅಪರಾಧಿಗಳ ಪಟ್ಟಿ ಡಿಪಿಎಸ್‌ನಲ್ಲೇ ಪುಕ್ಕಟೆ ಇದೆ. ಆಯಾ ಹುಡುಕುವವರು ಇದನ್ನು ಮೊದಲ ಐದು ನಿಮಿಷದಲ್ಲೇ ನೋಡಿಬಿಡಿ.

ಫೆಡರಲ್ ಕೇಸುಗಳಿಗೆ ಪೇಸರ್ ಅಂತ ವ್ಯವಸ್ಥೆ ಇದೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಬರುವುದಿಲ್ಲ. ಗಡಿ ಭಾಗದ ಕೌಂಟಿಗಳಲ್ಲಿ ಇದನ್ನು ಬಿಡಬಾರದು. ಗಡಿಗೆ ಸಂಬಂಧಿಸಿದ ಕೇಸುಗಳು ಅಲ್ಲಿಗೇ ಜಾಸ್ತಿ ಹೋಗುತ್ತವೆ. ಆಲ್ಪೈನ್, ಪೇಕೋಸ್ ಕಡೆಯವು ಟೆಕ್ಸಾಸ್‌ನ ವೆಸ್ಟರ್ನ್ ಡಿಸ್ಟ್ರಿಕ್ಟ್ ಕೋರ್ಟಿನ ಕೆಳಗೆ ಬರುತ್ತವೆ.

ರಾಜ್ಯದ ಕೋರ್ಟುಗಳಿಗೆ ರೀಸರ್ಚ್-ಟಿಎಕ್ಸ್ ಅಂತ ಒಂದು ಪೋರ್ಟಲ್ ಇದೆ. ನೋಡಿ, ಆದರೆ ನಂಬಿ ಕೂರಬೇಡಿ. 20,000ಕ್ಕಿಂತ ಕಡಿಮೆ ಜನ ಇರುವ ಕೌಂಟಿಗಳ ಕ್ರಿಮಿನಲ್ ಕೇಸುಗಳಿಗೆ ಇ-ಫೈಲಿಂಗ್ ಕಡ್ಡಾಯವಾದದ್ದೇ 2020ರಲ್ಲಿ. ಅದಕ್ಕೆ ಹಿಂದಿನದು ಬೀರುವಿನಲ್ಲೋ ರಿಜಿಸ್ಟರಿನಲ್ಲೋ ಇರುತ್ತದೆ.

ಹೆಜ್ಜೆ 5: ಕ್ಲರ್ಕ್‌ಗೆ ಫೋನ್ ಮಾಡಿ

ನಿಜವಾದ ಕೆಲಸ ಆಗುವುದು ಇಲ್ಲೇ.

ಬೆಳಗ್ಗೆ ಒಂಬತ್ತೂವರೆ ಸುಮಾರಿಗೆ ಮಾಡಿ. ಮಧ್ಯಾಹ್ನ ಹನ್ನೆರಡರಿಂದ ಒಂದು ಗಂಟೆ ಸಣ್ಣ ಆಫೀಸುಗಳು ಊಟಕ್ಕೆ ಬಾಗಿಲು ಹಾಕುವುದುಂಟು. ಹಡ್‌ಸ್ಪೆತ್ ಕೌಂಟಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ, ಅದು ಮೌಂಟನ್ ಟೈಮ್. ಬ್ರೂಸ್ಟರ್ ಸೆಂಟ್ರಲ್ ಟೈಮಿನಲ್ಲೇ ಇದೆ. ಬೆಂಗಳೂರಿನಿಂದ ಮಾಡುವವರು ರಾತ್ರಿ ಊಟ ಮುಗಿಸಿ ಕೂರಬೇಕು.

ಅವಸರ ಮಾಡಬೇಡಿ. ಎರಡು ಮಾತು ಹವಾಮಾನದ ಬಗ್ಗೆ ಆಡಿದರೆ ನಷ್ಟವಿಲ್ಲ. ಆಮೇಲೆ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ. ವರ್ಷ ಅಂದಾಜಾಗಿಯಾದರೂ ಹೇಳಿ. "2012ರಿಂದ 2016ರ ಒಳಗೆ" ಅಂದರೆ ಅವರು ಮೂರು ರಿಜಿಸ್ಟರ್ ಕಡಿಮೆ ತೆಗೆಯುತ್ತಾರೆ.

ಮೊದಲು ಕೇಳಬೇಕಾದದ್ದು ಕಾಸ್ ನಂಬರ್. ಟೆಕ್ಸಾಸ್‌ನಲ್ಲಿ ಕೇಸ್ ನಂಬರಿಗೆ ಹೀಗೇ ಅನ್ನುವುದು. ಅದು ಸಿಕ್ಕ ಮೇಲೆ ಉಳಿದದ್ದೆಲ್ಲ ಸುಲಭ. ಆಮೇಲೆ ಈ ಒಂದು ವಾಕ್ಯ ಹೇಳಿ: "ಐ ನೀಡ್ ಎ ಸರ್ಟಿಫೈಡ್ ಕಾಪಿ ಆಫ್ ದ ಫೈನಲ್ ಡಿಸ್ಪೊಸಿಷನ್." ಕೇಸು ಕೊನೆಗೆ ಏನಾಯಿತು ಅನ್ನುವ ಕಾಗದದ ಸೀಲು ಹಾಕಿದ ಪ್ರತಿ ಬೇಕು ಅಂತ ಅರ್ಥ. ಬರೀ "ಕಾಪಿ" ಅಂದರೆ ಸೀಲಿಲ್ಲದ ಜೆರಾಕ್ಸ್ ಬರುತ್ತದೆ, ವಲಸೆ ಅಧಿಕಾರಿ ಅದನ್ನು ಒಪ್ಪುವುದಿಲ್ಲ. ಪ್ರತಿಗೆ ಸಾಮಾನ್ಯವಾಗಿ ಪುಟಕ್ಕೆ 1 ಡಾಲರ್, ಸರ್ಟಿಫೈ ಮಾಡಲು ಮೇಲೆ ಸ್ವಲ್ಪ. ಒಟ್ಟು ಎಷ್ಟು, ಹೇಗೆ ಕಳಿಸಬೇಕು ಅಂತ ಅಲ್ಲೇ ಕೇಳಿಬಿಡಿ. ಕೆಲವು ಆಫೀಸುಗಳು ಮನಿ ಆರ್ಡರ್ ಮಾತ್ರ ತೆಗೆದುಕೊಳ್ಳುತ್ತವೆ. ಜೊತೆಗೆ ನಿಮ್ಮ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಕವರ್ ಇಟ್ಟರೆ ಬೇಗ ವಾಪಸ್ ಬರುತ್ತದೆ.

ಜೆಪಿ ಕೋರ್ಟುಗಳಿಗೆ ಬೇರೆ ಬೇರೆ ಪ್ರಿಸಿಂಕ್ಟ್, ಅಂದರೆ ಕೌಂಟಿಯೊಳಗಿನ ವಿಭಾಗ, ಇರಬಹುದು. ಅದೇ ಬ್ರೂಸ್ಟರ್ ಕೌಂಟಿಯ ಟರ್ಲಿಂಗುವಾದಿಂದ ಆಲ್ಪೈನ್‌ಗೇ ಸುಮಾರು 80 ಮೈಲಿ. ಟಿಕೆಟ್ ಬಿದ್ದ ಜಾಗ ಹೇಳಿ, ಯಾವ ಪ್ರಿಸಿಂಕ್ಟ್ ಅಂತ ಕೌಂಟಿ ಕ್ಲರ್ಕ್ ಆಫೀಸಿನಲ್ಲೇ ತಿಳಿಯುತ್ತದೆ. ಹಳೆಯ ಸಣ್ಣ ಕೇಸಿನ ಕಾಗದಗಳನ್ನು ಕೆಲವು ವರ್ಷದ ನಂತರ ನಾಶ ಮಾಡಿರುವುದೂ ಉಂಟು. ಹಾಗಾಗಿದ್ದರೆ "ದಾಖಲೆ ಈಗ ಲಭ್ಯವಿಲ್ಲ" ಅಂತ ಕೋರ್ಟಿನ ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿದ ಪತ್ರ ಕೇಳಿ. ಬರಿಗೈಯಲ್ಲಿ ಫೋನ್ ಇಡಬೇಡಿ.

ಹೆಜ್ಜೆ 6: ಶೆರಿಫ್ ಆಫೀಸಿನಿಂದ ಏನು ಸಿಗುತ್ತದೆ

ಕೆಲವು ಸಲ ಬಂಧನ ಆಗಿರುತ್ತದೆ, ಕೋರ್ಟಿನಲ್ಲಿ ಏನೂ ಇರುವುದಿಲ್ಲ. ಪ್ರಾಸಿಕ್ಯೂಟರ್ ಕೇಸು ಹಾಕದೇ ಬಿಟ್ಟಿರಬಹುದು. ಫೆಲನಿಯಾದರೆ ಕೇಸು ಮುಂದುವರಿಸಬೇಕೋ ಬೇಡವೋ ಅಂತ ತೀರ್ಮಾನಿಸುವ ನಾಗರಿಕರ ಗುಂಪು, ಗ್ರ್ಯಾಂಡ್ ಜ್ಯೂರಿ, ಇರುತ್ತದೆ. ಅದರ 12 ಜನರಲ್ಲಿ 9 ಮಂದಿ ಒಪ್ಪಬೇಕು. ಸಣ್ಣ ಕೌಂಟಿಯಲ್ಲಿ ಆ ಜ್ಯೂರಿ ದಿನವೂ ಕೂರುವುದಿಲ್ಲ. ಅಲ್ಲಿಯವರೆಗೆ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ ಹೆಸರೇ ಬಂದಿರಲ್ಲ.

ಆಗ ಶೆರಿಫ್ ಆಫೀಸಿಗೆ ಟೆಕ್ಸಾಸ್ ಪಬ್ಲಿಕ್ ಇನ್‌ಫರ್ಮೇಷನ್ ಆಕ್ಟ್ ಕೆಳಗೆ ಬರೆದು ಕೇಳಬೇಕು. ನಮ್ಮ ಆರ್‌ಟಿಐ ಇದ್ದ ಹಾಗೆ. ಯಾರನ್ನು, ಯಾವಾಗ, ಯಾವ ಆರೋಪದ ಮೇಲೆ ಹಿಡಿದರು ಅನ್ನುವ ಮೂಲ ವಿವರ ಕೊಡಲೇಬೇಕು. ಉಳಿದದ್ದನ್ನು ತಡೆಹಿಡಿಯಬೇಕೆಂದರೆ ಅವರು 10 ಕೆಲಸದ ದಿನಗಳ ಒಳಗೆ ರಾಜ್ಯದ ಅಟಾರ್ನಿ ಜನರಲ್ ಅಭಿಪ್ರಾಯ ಕೇಳಬೇಕು. ಕೋರ್ಟಿನ ಕಡತಕ್ಕೆ ಮಾತ್ರ ಈ ಕಾನೂನು ಅನ್ವಯಿಸುವುದಿಲ್ಲ. ಕ್ಲರ್ಕ್‌ಗೆ ಇದರ ಹೆಸರು ಹೇಳಿ ಜೋರು ಮಾಡಿದರೆ ನಿಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ, ಅಷ್ಟೇ.

ಇನ್ನೊಂದು ಮಾತು. "ಸ್ವಲ್ಪ ಕಂಪ್ಯೂಟರಲ್ಲಿ ನೋಡಿ ಇವನ ಪೂರ್ತಿ ಹಿಸ್ಟರಿ ಹೇಳಿ" ಅಂತ ಪರಿಚಯದ ಡೆಪ್ಯುಟಿಯನ್ನು ಕೇಳಬೇಡಿ. ಪೊಲೀಸರ ಒಳಗಿನ ದಾಖಲೆಯನ್ನು ಹಾಗೆ ತೆಗೆದು ಕೊಡುವುದು ಅಪರಾಧ. ಅವನ ಕೆಲಸ ಹೋಗುತ್ತದೆ, ನೀವೂ ಸಿಕ್ಕಿಕೊಳ್ತೀರಿ.

ಹೆಜ್ಜೆ 7: ಕೈಗೆ ಬಂದ ಕಾಗದ ಓದುವುದು

ಕೆಲವು ಪದಗಳು ದಾರಿ ತಪ್ಪಿಸುತ್ತವೆ. ಮಿಸ್‌ಡಿಮೀನರ್ ಕಡತದಲ್ಲಿ "ಇನ್‌ಫರ್ಮೇಷನ್" ಅಂತ ತಲೆಬರಹ ಇದ್ದರೆ ಅದು ಸುಮ್ನೆ ಮಾಹಿತಿ ಹಾಳೆ ಅಂದುಕೊಳ್ಳಬೇಡಿ, ಅದೇ ಆರೋಪಪಟ್ಟಿ. ಫೆಲನಿಯಲ್ಲಿ ಅದಕ್ಕೆ ಇಂಡೈಟ್‌ಮೆಂಟ್ ಅಂತಾರೆ. "ನೋ ಬಿಲ್" ಅಂದರೆ ಗ್ರ್ಯಾಂಡ್ ಜ್ಯೂರಿ ಒಪ್ಪಲಿಲ್ಲ, ಕೇಸು ಅಲ್ಲಿಗೆ ನಿಂತಿತು.

ಡಿಫರ್ಡ್ ಅಂತ ಎರಡು ಇವೆ. ಟ್ರಾಫಿಕ್ ಟಿಕೆಟ್ಟಿಗೆ ಬರುವುದು ಡಿಫರ್ಡ್ ಡಿಸ್ಪೊಸಿಷನ್. ಷರತ್ತು ಮುಗಿಸಿದರೆ ವಜಾ. ಅದಕ್ಕಿಂತ ದೊಡ್ಡ ಕೇಸುಗಳಿಗೆ ಬರುವುದು ಡಿಫರ್ಡ್ ಅಡ್ಜುಡಿಕೇಷನ್. ತಪ್ಪೊಪ್ಪಿಕೊಂಡು ಪ್ರೊಬೇಷನ್ ಮುಗಿಸಿದರೆ ಟೆಕ್ಸಾಸ್ ಲೆಕ್ಕದಲ್ಲಿ ಶಿಕ್ಷೆ ಆಗಲಿಲ್ಲ ಅಂತ. ಆದರೆ ವಲಸೆ ಕಾನೂನು ಹಾಗೆ ನೋಡುವುದಿಲ್ಲ. 1996ರ ತಿದ್ದುಪಡಿಯ ನಂತರ ತಪ್ಪೊಪ್ಪಿಗೆ ಮತ್ತು ಯಾವುದಾದರೂ ನಿರ್ಬಂಧ ಎರಡೂ ಇದ್ದರೆ ಅದು ಕನ್ವಿಕ್ಷನ್ನೇ. ಎಚ್-1ಬಿಯಲ್ಲಿ ಇದ್ದ ಹುಡುಗರಿಗೆ "ಸೈನ್ ಮಾಡು, ರೆಕಾರ್ಡ್ ಕ್ಲೀನ್ ಇರುತ್ತೆ" ಅಂತ ಬರೀ ಕ್ರಿಮಿನಲ್ ಕೇಸು ನೋಡುವ ವಕೀಲರು ಹೇಳಿ, ವರ್ಷಗಳ ನಂತರ ಗ್ರೀನ್ ಕಾರ್ಡ್ ಸಂದರ್ಶನದಲ್ಲಿ ಕಣ್ಣು ಕತ್ತಲೆ ಬಂದ ಪ್ರಸಂಗಗಳನ್ನು ಕೇಳಿದ್ದೇನೆ. ಇಂಥ ಪದ ಕಂಡರೆ ಅರ್ಜಿ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರಿಗೆ ತೋರಿಸಿ.

ಕೆಲವು ಕಾಗದಗಳು ಸಿಗುವುದೇ ಇಲ್ಲ. ಟೆಕ್ಸಾಸ್‌ನಲ್ಲಿ 17 ತುಂಬಿದವರನ್ನು ದೊಡ್ಡವರೆಂದೇ ವಿಚಾರಣೆ ಮಾಡುತ್ತಾರೆ, ಅದಕ್ಕಿಂತ ಚಿಕ್ಕವರ ದಾಖಲೆ ಗೌಪ್ಯ. ನಾನ್‌ಡಿಸ್‌ಕ್ಲೋಷರ್ ಆದೇಶ ಆಗಿದ್ದರೆ ಸಾರ್ವಜನಿಕರಿಗೆ ಮುಚ್ಚಿರುತ್ತದೆ. ಎಕ್ಸ್‌ಪಂಕ್ಷನ್ ಆಗಿದ್ದರೆ ದಾಖಲೆಯನ್ನೇ ಅಳಿಸಿಹಾಕುತ್ತಾರೆ.

ಈ ಎಕ್ಸ್‌ಪಂಕ್ಷನ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಅಳಿಸಿದ ಮೇಲೆ ಟೆಕ್ಸಾಸ್ ಕಾನೂನಿನ ಪ್ರಕಾರ "ಅಂಥದ್ದೇನೂ ಆಗಿಲ್ಲ" ಅನ್ನಬಹುದು. ಸಿಟಿಜನ್‌ಶಿಪ್ ಅರ್ಜಿಯಲ್ಲಿ ಹಾಗೆ ಅನ್ನುವಂತಿಲ್ಲ. ಅಳಿಸಿದ, ಸೀಲ್ ಮಾಡಿದ ಕೇಸುಗಳನ್ನೂ ಹೇಳಬೇಕು ಅಂತ ಫಾರಂ ಎನ್-400 ಕೇಳುತ್ತದೆ. ಕೇಸು ವಜಾ ಆದದ್ದಕ್ಕೆ ಸಾಕ್ಷಿ ಬೇಕು, ಸಾಕ್ಷಿಯನ್ನು ನೀವೇ ಹಣ ಕೊಟ್ಟು ಸುಡಿಸಿರುತ್ತೀರಿ. ಹಾಗಾಗಿ ಎಕ್ಸ್‌ಪಂಕ್ಷನ್ ಅರ್ಜಿ ಹಾಕುವ ಮುಂಚೆ ಸರ್ಟಿಫೈಡ್ ಪ್ರತಿಗಳನ್ನು ತೆಗೆದು ಮನೆಯಲ್ಲಿಡಿ.

ಬರೀ ಟ್ರಾಫಿಕ್ ಟಿಕೆಟ್ ಇದ್ದವರು ಇಷ್ಟು ಹೆದರಬೇಕಿಲ್ಲ. ಬಂಧನ ಆಗಿರದ, ಕುಡಿತ ಅಥವಾ ಡ್ರಗ್ಸ್ ಸಂಬಂಧ ಇಲ್ಲದ, ದಂಡ 500 ಡಾಲರ್‌ಗಿಂತ ಕಡಿಮೆ ಇದ್ದ ಟಿಕೆಟ್ಟಿಗೆ ಕಾಗದ ಲಗತ್ತಿಸಬೇಕಿಲ್ಲ ಅಂತ ಎನ್-400 ಸೂಚನೆಗಳಲ್ಲಿ ಬಂದಿದೆ. ನೀವು ಅರ್ಜಿ ಹಾಕುವ ದಿನದ ಫಾರಂ ಸೂಚನೆ ಒಮ್ಮೆ ಓದಿಕೊಳ್ಳಿ. ನನ್ನ ದಂಡ 200 ಡಾಲರ್ ಚಿಲ್ಲರೆ. ಅಷ್ಟೆಲ್ಲ ಹುಡುಕಿದ ಮೇಲೆ ಇದು ಗೊತ್ತಾಯಿತು. ಸಂದರ್ಶನ ಮಾಡಿದ ಅಧಿಕಾರಿ ಕಾಗದವನ್ನು ಮುಟ್ಟಲೂ ಇಲ್ಲ.

ಸರ್ಟಿಫೈಡ್ ಪ್ರತಿ ಕೇಳುವಾಗಲೇ ಎರಡು ತರಿಸಿ, ಒಂದು ಕೊಡಲು, ಒಂದು ಇಡಲು. ಸ್ಕ್ಯಾನ್ ಮಾಡುವಾಗ ಮೂಲೆಯ ಸ್ಟೇಪಲ್ ಪಿನ್ ಕೀಳಬೇಡಿ. ಸೀಲಿನ ಹಾಳೆ ಬಿಡಿಯಾದರೆ ಅದು ಯಾವ ಕಾಗದಕ್ಕೆ ಸೇರಿದ್ದು ಅನ್ನುವ ಪ್ರಶ್ನೆ ಬರುತ್ತದೆ, ಮತ್ತೆ ಆಲ್ಪೈನ್‌ಗೆ ಫೋನ್ ಮಾಡಬೇಕಾಗುತ್ತದೆ. ಹಾಳೆಗಳನ್ನು ಹಾಗೇ ಮಡಚಿಕೊಂಡು ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದುಕೊಳ್ಳಿ.